ಭಾರತಕ್ಕೆ ಹೆಗಲು ಹೊಲಿಸಿದ ರುಕ್ಮಯ್ಯ

ಬಾಗಿಲು ಎಷ್ಟೇ ಅಗಲವಿರಲಿ, ರುಕ್ಮಯ್ಯ ನೇರವಾಗಿ ಒಳಗೆ ಬಂದವನಲ್ಲ. ಎಡ ಹೆಗಲನ್ನು ಮುಂದೆ ಚಾಚಿ, ತಲೆ ತಗ್ಗಿಸಿ, ಆಚೆ ಕಡೆಯಿಂದ ಯಾರೋ ಒತ್ತಿ ಹಿಡಿದಿದ್ದಾರೋ ಎಂಬಂತೆ ನುಗ್ಗಿ ಬರುವುದೇ ಅವನ ಕ್ರಮ. ಎಪ್ಪತ್ತೊಂಬತ್ತನೇ ಇಸವಿಯ ದೀಪಾವಳಿ ಕಳೆದ ವಾರ, ಬಂಟ್ವಾಳ ಪೇಟೆಯಲ್ಲಿ ನಾನು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಜಗಲಿಗೆ ಅವನು ಮೊದಲ ಸಲ ಬಂದದ್ದೂ ಹಾಗೆಯೇ. ಆ ಜಗಲಿಗೆ ಬಾಗಿಲೇ ಇರಲಿಲ್ಲ.

ಕಂಕುಳಲ್ಲಿದ್ದ ಗಂಟನ್ನು ಬಿಚ್ಚಿ, ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪಿಗೆ ಒಳಗಿನಿಂದ ಮೆತ್ತೆ ಕೂರಿಸಿದ, ಹಳೆಯ ಬೆವರಿನ ವಾಸನೆಯ ವಸ್ತುವೊಂದನ್ನು ಯಂತ್ರದ ಮೇಲಿಟ್ಟು, "ಇಂಥದ್ದೇ ಹನ್ನೊಂದು ಬೇಕು ಅಕ್ಕ. ಆಗ್ತದಾ?" ಎಂದ. ಕಂಬಳದ ಕೋಣ ಸಾಕುವವರು ನೊಗದ ಅಡಿಗೆ ಹಾಕುವ ಮೆತ್ತೆ ಹೊಲಿಸಲು ನನ್ನಲ್ಲಿಗೆ ಬರುವುದಿತ್ತು. ತಿರುಗಿಸಿ ನೋಡಿ, "ಕೋಣಕ್ಕಾ?" ಎಂದು ಕೇಳಿದೆ.

"ಕೋಣಕ್ಕಲ್ಲ ಅಕ್ಕ, ಭಾರತಕ್ಕೆ."

ಆ ಒಂದು ಮಾತಿನಿಂದ ನನ್ನ ಒಂಬತ್ತು ವರ್ಷಗಳ ನೆಮ್ಮದಿ ಹೋಯಿತು.

ರುಕ್ಮಯ್ಯ ನರಿಕೊಂಬಿನವನು. ಹದಿಹರೆಯದಲ್ಲೇ ಊರು ಬಿಟ್ಟು ಸೌದಿಗೆ ಹೋಗಿ, ಅಲ್ಲಿ ಅಮೆರಿಕದವರ ಎಣ್ಣೆ ಕಂಪೆನಿಯ ಬಿಡಾರದಲ್ಲಿ ಅಡುಗೆಯಾಳಾಗಿದ್ದ. ರಜೆಯ ದಿನಗಳಲ್ಲಿ ಆ ಸಾಹೇಬರು ಹೆಗಲಿಗೆ ಅಂಥ ಮೆತ್ತೆಯ ಚಿಪ್ಪು ಕಟ್ಟಿಕೊಂಡು ಮರಳಿನ ಮೇಲೆ ಒಂದು ಆಟ ಆಡುತ್ತಿದ್ದರಂತೆ. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಅದರಲ್ಲಿ ಹೆಚ್ಚು ಕೆಲಸವಿಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎದೆಗವಚಿಕೊಂಡು ಒಬ್ಬ ಓಡಬೇಕು, ಅವನ ಪಂಗಡದವರು ಹೆಗಲುಕೊಟ್ಟು ದಾರಿ ಬಿಡಿಸಬೇಕು, ಎದುರಿನವರು ಕೆಡವಬೇಕು, ಕೊನೆಯ ಗೆರೆ ದಾಟಿದರೆ ಅಂಕ. ಒಂದು ದಿನ ಆಳು ಕಡಿಮೆಯಾಗಿ ಇವನನ್ನೂ ಸೇರಿಸಿಕೊಂಡರು. ಇವನು ಒಬ್ಬ ಎತ್ತರದ ಸಾಹೇಬನನ್ನು ಎಡ ಹೆಗಲಿನಿಂದ ಕೆಡವಿದ. ಸಾಹೇಬ ಎದ್ದು ಬೆನ್ನು ತಟ್ಟಿ ಹೋದ. ಇವನ ಹೆಗಲು ಮಾತ್ರ ಅಂದಿನಿಂದ ತನ್ನ ಜಾಗಕ್ಕೆ ಮರಳಲಿಲ್ಲ.

ಊರಿಗೆ ಬಂದು ಪಾಣೆಮಂಗಳೂರಿನ ಸೇತುವೆಯ ಬಳಿ ಚಹಾದ ಹೋಟೆಲು ಇಟ್ಟ. ಕೈರುಚಿ ಇದ್ದವನು, ಗಿರಾಕಿಗಳಿಗೂ ಬರವಿರಲಿಲ್ಲ. ಆದರೆ ಗೋಳಿಬಜೆ ಎಣ್ಣೆಯಲ್ಲಿ ಬೇಯುತ್ತಿರುವಾಗಲೇ ಇದ್ದಿಲಿನ ತುಂಡು ಹಿಡಿದು, ಸೊನ್ನೆಗಳೆಂದರೆ ನಮ್ಮವರು, ಗುಣಿಸುವ ಗುರುತುಗಳೆಂದರೆ ಪರದೇಶದವರು ಎಂದು ಗೋಡೆಯ ತುಂಬ ಗೀಚತೊಡಗಿದರೆ ಬಾಣಲೆಯ ಗತಿ ಏನಾಗಬೇಕು? ಅವನ ಹೋಟೆಲಿನ ಗೋಡೆ ಮುಗಿದ ಮೇಲೆ ನನ್ನ ಜಗಲಿಯ ಗೋಡೆಗೆ ಬಂದ. ನಾನು ಸುಣ್ಣ ಬಳಿದೆ. ಒಣಗುವವರೆಗೂ ವಿನಯದಿಂದ ಕಾದು ಮತ್ತೆ ಗೀಚಿದ. ವಾದದಲ್ಲಿ ಸೋಲುವ ಸೂಚನೆ ಕಂಡರಂತೂ, ಒಂದು ಅಂಗೈಯನ್ನು ಮಲಗಿಸಿ ಅದರ ಅಡಿಗೆ ಇನ್ನೊಂದು ಕೈಯ ಬೆರಳುಗಳನ್ನು ನೆಟ್ಟಗೆ ನಿಲ್ಲಿಸಿ "ಟೈಮೌಟು!" ಎನ್ನುವನು. ಆಟ ನಿಲ್ಲಿಸುವ ಸಂಜ್ಞೆಯಂತೆ ಅದು. ಹೆಂಡತಿ ವಿನೋದಾ ಬೈಯುವಾಗಲೂ ಅದೇ. "ನೋಡಿ ಪ್ರಫುಲ್ಲಕ್ಕ, ಮನೆಗೆ ಅಕ್ಕಿ ತನ್ನಿ ಅಂದ್ರೆ ಭಾರತಕ್ಕೆ ಗೋಣಿ ತರ್ತಾರೆ. ಮಾತಾಡಿದ್ರೆ ಕೈ ತೋರಿಸ್ತಾರೆ. ಆ ಕೈಯನ್ನು ನಿಮ್ಮ ಮಿಷನಿಗೆ ಕೊಟ್ಟು ಹೊಲಿದುಬಿಡಿ ಒಮ್ಮೆ" ಎಂದು ಆಕೆ ನನ್ನಲ್ಲಿ ಹೇಳಿಕೊಂಡದ್ದುಂಟು.

ಗೋಣಿ ತಂದದ್ದು ನಿಜ. ಗೋಣಿಯ ಚೀಲಕ್ಕೆ ತೆಂಗಿನ ನಾರು ತುಂಬಿ ಹನ್ನೊಂದು ಜೊತೆ ಹೆಗಲುಗಳನ್ನು ಹೊಲಿದುಕೊಟ್ಟೆ. ತಲೆಗೆ ಒಂದರೊಳಗೊಂದು ಎರಡು ಅಡಕೆಹಾಳೆಯ ಮುಟ್ಟಾಳೆ ಟೊಪ್ಪಿ, ನಡುವೆ ಬೂರುಗದ ಹತ್ತಿ. ಅಂಗಿಯ ಎದೆಯ ಮೇಲೆ 'ಭಾರತ' ಎಂಬ ಅಕ್ಷರಗಳು. ಆಳುಗಳನ್ನು ಅವನು ಬಸ್ಸಿನಲ್ಲಿ ತಿರುಗಿ ಹುಡುಕಿದ: ಬೆಳ್ತಂಗಡಿ ಕಡೆಯ ಕಂಬಳದ ಓಟಗಾರರು, ಬಂಟ್ವಾಳದ ಮೂಟೆ ಹೊರುವವರು, ಮೂಡಬಿದಿರೆಯ ಕಬಡ್ಡಿಯವರು. ಎಲ್ಲರಿಗಿಂತ ದೊಡ್ಡ ಆಳು ಅಳದಂಗಡಿಯ ಧರ್ಣಪ್ಪ. ಕೋಣದ ಹಿಂದೆ ಕೆಸರಿನಲ್ಲಿ ಓಡಿ ಕಲ್ಲಿನಂತಾದ ಕಾಲು, ಮಗುವಿನಂಥ ಮುಖ. ಸೌದಿಯಿಂದ ತಂದ ಚೆಂಡು ಒಂದೇ ಇದ್ದದ್ದರಿಂದ ಅಭ್ಯಾಸಕ್ಕೆ ಸಿಪ್ಪೆ ಸುಲಿಯದ ತೆಂಗಿನಕಾಯಿ. ಸಂಜೆ ಆ ಕಾಯಿ ಯಾರ ಮನೆಯ ಪದಾರ್ಥಕ್ಕೆ ಹೋಗಬೇಕೆಂದು ನಡೆಯುತ್ತಿದ್ದ ಜಗಳದ ಆವೇಶ ಆಟದಲ್ಲಿ ಒಂದು ದಿನವೂ ಕಾಣಲಿಲ್ಲ.

ಆಟದಲ್ಲಿ ಕಾಣದ್ದಕ್ಕೆ ಕಾರಣವಿತ್ತು. ನಮ್ಮ ಕಡೆ ಕಾಲು ತಾಗಿದರೆ, ತಾಗಿದವರನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಹಾಲು ಕುಡಿಯುವ ಪ್ರಾಯದಿಂದ ಬಂದ ಅಭ್ಯಾಸ. ಈ ಆಟದಲ್ಲೋ ಒಬ್ಬರ ಮೇಲೊಬ್ಬರು ಬೀಳುವುದೇ ಕೆಲಸ. ಬಿದ್ದಲ್ಲೆಲ್ಲ ಕಾಲು ತಾಗುತ್ತದೆ, ತಾಗಿದಾಗಲೆಲ್ಲ ಇವರು ನಿಲ್ಲುತ್ತಾರೆ, ಮುಟ್ಟುತ್ತಾರೆ, ಕಣ್ಣಿಗೊತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ತೆಂಗಿನಕಾಯಿ ಹಿಡಿದವನು ಗೆರೆ ದಾಟಿ ಬೀಡಿ ಹಚ್ಚಿರುತ್ತಾನೆ. ರುಕ್ಮಯ್ಯ ಬೈದ, ಬೇಡಿಕೊಂಡ, ಹೋಟೆಲಿನಲ್ಲಿ ಚಹಾ ಇಲ್ಲವೆಂದು ಹೆದರಿಸಿದ. "ಇದು ಆಟ ಮಾರಾಯ್ರೇ, ಇದರಲ್ಲಿ ಪಾಪ ಇಲ್ಲ!" ಎಂದರೆ ಎಲ್ಲರೂ ತಲೆಯಾಡಿಸಿ, ಮತ್ತೆ ಬಿದ್ದು, ಮತ್ತೆ ಮುಟ್ಟುವರು.

"ಬಿಟ್ಟುಬಿಡು ರುಕ್ಮಯ. ಕಬಡ್ಡಿಯೇ ಆಡಿಸು" ಎಂದು ನಾನು ಹೇಳಿದ್ದೆ. ಅಷ್ಟರಲ್ಲಿ ಯುರೋಪಿನ ದೇಶಗಳು ಈ ಆಟಕ್ಕೆ ತಂತಮ್ಮ ತಂಡ ಕಟ್ಟಿ ಪಂದ್ಯಾಟ ನಡೆಸಿದ ಸುದ್ದಿ ಸೌದಿಯ ಹಳೆಯ ಸಂಗಾತಿಯೊಬ್ಬನಿಂದ ಬಂದಿತ್ತು, ಇಟಲಿ ಗೆದ್ದಿತ್ತಂತೆ. "ಅಕ್ಕ, ಫಿನ್ಲೆಂಡ್ ಅಂತ ಒಂದು ದೇಶ ಉಂಟು. ಅರ್ಧ ವರ್ಷ ಮಂಜು. ಅವರಿಗೇ ತಂಡ ಉಂಟು ಅಂದ್ಮೇಲೆ ನಮಗೆ ಎಂತ ಧಾಡಿ? ಒಂದೇ ಒಂದು ಪಂದ್ಯ, ಹೊರದೇಶದವರ ಎದುರು. ಆಡಿದ್ರೆ ಆಯ್ತು, ಮತ್ತೆ ನಮ್ಮದೂ ತಂಡವೇ. ಇಲ್ಲ ಅಂತ ಯಾರೂ ಹೇಳ್ಲಿಕ್ಕಿಲ್ಲ."

ಆ ಒಂದು ಪಂದ್ಯಕ್ಕಾಗಿ ಅವನು ಮಂಗಳೂರಿನ ಬಂದರಿಗೆ ಎಷ್ಟು ಸಲ ಅಲೆದನೋ! ಎಂಬತ್ತೈದರ ಡಿಸೆಂಬರಿನಲ್ಲಿ ಇಟಲಿಯ ನಾವಿಕರಿದ್ದ ಹಡಗೊಂದು ಸಿಕ್ಕಿತು. ಅವರಲ್ಲಿ ಇಬ್ಬರು ಈ ಆಟವನ್ನು ನೋಡಿದ್ದರು. ಉಳಿದವರು ಕೋಳಿಸುಕ್ಕದ ಆಸೆಗೆ ಒಪ್ಪಿದರು. ಮೂಡಬಿದಿರೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಾಯಿತು. ಹೊಲಿಗೆ ಬಿಚ್ಚಿದರೆ ಬೇಕಾಗುತ್ತದೆಂದು ಸೂಜಿ ನೂಲು ಸಮೇತ ನನ್ನನ್ನೂ ಕರೆದೊಯ್ದ. ನಿಯಮ ಪೂರ್ತಿ ತಿಳಿದವನು ಅವನೊಬ್ಬನೇ ಆದ್ದರಿಂದ ಸೀಟಿ ಅವನ ಬಾಯಲ್ಲೇ. ಹೀಗೆ, ತಾನು ಹುಟ್ಟಿಸಿದ ತಂಡದಲ್ಲಿ ತಾನೇ ಆಡಲಾರದೆ, ಎರಡು ಪಂಗಡಗಳ ನಡುವೆ ಹೆಗಲು ಚಾಚಿಕೊಂಡು ಓಡಾಡಿದ.

ಪಂದ್ಯವನ್ನು ವರ್ಣಿಸುವ ಉತ್ಸಾಹ ನನಗಿಲ್ಲ. ನಮ್ಮವರು ಬಿದ್ದರು, ಮುಟ್ಟಿದರು, ಕಣ್ಣಿಗೊತ್ತಿಕೊಂಡರು, ಅವರು ಓಡಿದರು. ಕೊನೆಯ ಗಳಿಗೆಯಲ್ಲಿ ಮಾತ್ರ ಚೆಂಡು ಧರ್ಣಪ್ಪನಿಗೆ ಸಿಕ್ಕಿತು. ಮುಂದೆ ಕೋಣಗಳಿವೆಯೆಂದು ತಿಳಿದನೋ ಏನೋ, ಅಂಥ ಓಟವನ್ನು ನಾನು ಕಂಡಿಲ್ಲ. ಇಬ್ಬರು ಅವನ ಸೊಂಟಕ್ಕೆ ಜೋತುಬಿದ್ದು ಉದುರಿಹೋದರು. ಗೆರೆಗೆ ಮೂರು ಹೆಜ್ಜೆ ಇದೆ ಎನ್ನುವಾಗ ಅಡ್ಡ ಹಾರಿ ಬಿದ್ದ ನಾವಿಕನೊಬ್ಬನ ತಲೆಗೆ ಅವನ ಪಾದ ತಾಗಿತು.

ಧರ್ಣಪ್ಪ ನಿಂತ. ಎರಡೂ ಕೈ ಬೇಕಲ್ಲ, ಚೆಂಡನ್ನು ನೆಲಕ್ಕಿಟ್ಟ. ಬಗ್ಗಿ ಆ ತಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನಾವಿಕ ಕ್ಷಣಕಾಲ ಬೆರಗಾಗಿ ನೋಡಿ, ಚೆಂಡನ್ನೆತ್ತಿಕೊಂಡು ಮೈದಾನದ ಇನ್ನೊಂದು ತುದಿಗೆ ಓಡಿದ.

ಇಡೀ ಮೈದಾನ ರುಕ್ಮಯ್ಯನನ್ನು ನೋಡುತ್ತಿತ್ತು. ಅದು ಸರಿಯಲ್ಲ, ಆಟ ನಿಂತಿತ್ತು ಎಂದು ಅವನು ಸೀಟಿ ಊದಿದ್ದರೆ ಪ್ರಶ್ನಿಸುವವರಿರಲಿಲ್ಲ. ಇಟಲಿಯವರಿಗೂ ನಿಯಮ ಗೊತ್ತಿರಲಿಲ್ಲ. ರುಕ್ಮಯ್ಯ ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಿ ಇಟಲಿಗೆ ಅಂಕ ಕೊಟ್ಟ.

"ನೀನು ಯಾರ ಕಡೆಯವನಾ ಮಾರಾಯ?" ಎಂದು ಜನ ಕೂಗಿದರು. ನಾನೂ ಕೂಗಿದೆ.

ಹಿಂದಿರುಗುವ ಬಸ್ಸಿನಲ್ಲಿ ಧರ್ಣಪ್ಪನೇ ಹತ್ತಿರ ಬಂದು, "ತಲೆಗೆ ತಾಗಿದ್ದಲ್ವಾ ರುಕ್ಮಯಣ್ಣ, ಬೆನ್ನಿಗಾದ್ರೆ ಓಡ್ತಿದ್ದೆ" ಎಂದ. ರುಕ್ಮಯ್ಯ ಕೊರಳಿನ ಸೀಟಿ ಬಿಚ್ಚಿ ಜೇಬಿಗೆ ಹಾಕಿದ. ಇನ್ನಾದರೂ ಹುಚ್ಚು ಇಳಿಯಿತೆಂದು ನಾನು ಸಮಾಧಾನಪಟ್ಟೆ. ಮರುದಿನ ಬೆಳಿಗ್ಗೆ, ಹೆಗಲು ಮುಂದೆ ಮಾಡಿ ಜಗಲಿಗೆ ನುಗ್ಗಿದ.

"ಅಕ್ಕ, ತಪ್ಪು ಧರ್ಣಪ್ಪನದ್ದಲ್ಲ. ನಿಯಮದ್ದು. ಕಾಲು ತಾಗಿದ್ರೆ ಮುಟ್ಟಿ ನಮಸ್ಕಾರ ಮಾಡುವಷ್ಟು ಹೊತ್ತು ಆಟ ನಿಲ್ಬೇಕು. ಎಲ್ಲಾ ದೇಶಕ್ಕೂ ಇದೇ ನಿಯಮ ಆಗ್ಬೇಕು."

"ಲೋಕದವರೆಲ್ಲ ನಿನ್ನ ಧರ್ಣಪ್ಪನಿಗೆ ಕಾಯ್ಬೇಕಾ?"

"ಎಂತಕ್ಕೆ ಕಾಯ್ಬಾರ್ದು? ಭಾರತ ಬರ್ಬೇಕಾದ್ರೆ ಕಾಯ್ಲಿ."

ಸುಳ್ಳು ಸೀಟಿ ಊದಿ ಒಂದು ಅಂಕ ಗಳಿಸಲಾರದವನು ಲೋಕದ ನಿಯಮವನ್ನೇ ತಿದ್ದಲು ಹೊರಟಿದ್ದ. ಆ ಮುಖಕ್ಕೆ ನಗಬೇಕೋ ಹೊಡೆಯಬೇಕೋ ತಿಳಿಯದೆ ನಾನು ಸೂಜಿಗೆ ನೂಲು ಪೋಣಿಸಿದೆ. ಮುಂದಿನ ಮೂರು ವರ್ಷ ಸಿಕ್ಕಸಿಕ್ಕವರಲ್ಲಿ ಅದೇ ಮಾತು; ಕೇಳಿ ಕೇಳಿ ಗಿರಾಕಿಗಳು ಬೇರೆ ಹೋಟೆಲು ಹುಡುಕಿಕೊಂಡರು.

ಇಂಥವರು ಊರಿಗೊಬ್ಬರಿರುತ್ತಾರೆ. ದೂರದಲ್ಲೆಲ್ಲೋ ಒಂದು ಸಾಲಿನಲ್ಲಿ ನಮಗೆಂದೇ ಜಾಗ ಬಿಟ್ಟು ಯಾರೋ ಕಾಯುತ್ತಿದ್ದಾರೆಂದು ಇವರಿಗೆ ಹೇಗೋ ಗೊತ್ತಾಗಿಬಿಟ್ಟಿರುತ್ತದೆ. ಅಲ್ಲಿಗೆ ನಮ್ಮನ್ನು ಹೊತ್ತಾದರೂ ಒಯ್ಯಬೇಕೆಂದು ಮನೆಯವರನ್ನು ದಣಿಸುತ್ತಾರೆ, ನೆರೆಯವರ ಗೋಡೆ ಕೆಡಿಸುತ್ತಾರೆ. ಅವರು ಸುಳ್ಳರಾಗಿದ್ದರೆ ನಮಗೆ ಸುಲಭವಿತ್ತು, ಬಾಗಿಲು ಹಾಕಿಕೊಳ್ಳಬಹುದಿತ್ತು. ಸುಳ್ಳರಲ್ಲ ಎಂಬುದೇ ಅವರ ಉಪದ್ರ. ಅವರ ಜೊತೆ ಸಿಡುಕಿಕೊಂಡೇ ನಡೆದು, ಅವರಿಲ್ಲದ ಮೇಲೆ ಅವರ ಪರವಾಗಿ ಮಾತಾಡುವ ಕೆಲಸವೂ ನಮಗೇ ಉಳಿಯುತ್ತದೆ.

ಎಂಬತ್ತೆಂಟರಲ್ಲಿ ರುಕ್ಮಯ್ಯ ಎದೆನೋವಿನಿಂದ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೊನೆಯ ಸಲ ನೋಡಲು ಹೋಗಿದ್ದೆ. ಮಧ್ಯಾಹ್ನ, ವಿನೋದಾ ಗಂಜಿ ತರಲು ಕೆಳಗಿಳಿದಿದ್ದಳು. "ಪ್ರಫುಲ್ಲಕ್ಕ, ಇಟಲಿಯವರೊಟ್ಟಿಗೆ ಭಾರತ ಆಡಿದ್ದನ್ನು ನೀವು ಕಣ್ಣಾರೆ ಕಂಡವರು. ಮುಂದೆ ಯಾರಾದ್ರೂ ಕೇಳಿದ್ರೆ ಹೇಳ್ತೀರಲ್ವಾ?" ಎಂದ.

"ಹೇಳ್ತೇನೆ. ಸೋತದ್ದನ್ನೂ ಹೇಳ್ತೇನೆ."

ಅವನು ಎಡ ಹೆಗಲನ್ನು ಮುಂದೆ ಮಾಡಿ ನನ್ನತ್ತ ಹೊರಳಿದ.

"ಸೋತದ್ದು ಹೇಳಿ ಅಕ್ಕ, ತೊಂದ್ರೆ ಇಲ್ಲ. ಎಷ್ಟ್ರಲ್ಲಿ ಅಂತ ಮಾತ್ರ ಹೇಳ್ಬೇಡಿ, ಆಯ್ತಾ?"