ಏಳನೇ ನಗು

ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವಳು ಏನಿಲ್ಲವೆಂದರೂ ಎರಡು ಸಾವಿರ ಸಲ ಸತ್ತಿದ್ದಳು. ಬೆಂಕಿಯಲ್ಲಿ ಬೆಂದು ಸತ್ತಿದ್ದಳು, ಬೆಟ್ಟದಿಂದ ಉರುಳಿ ಸತ್ತಿದ್ದಳು, ಹೆಚ್ಚಿನ ಸಲ ಐದು ಬಣ್ಣದ ಬೆಳಕೊಂದು ಬಂದು ಎದೆಗೆ ಬಡಿದು ‘ಇಲ್ಲಾ!’ ಎಂದು ಕಿರುಚುತ್ತ ಸತ್ತಿದ್ದಳು. ಸತ್ತ ಮೇಲೆ ಹೆಡ್‌ಫೋನ್ ತೆಗೆದಿಟ್ಟು, ಬಿಸಿನೀರು ಕುಡಿದು, ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದಳು. ಮಕ್ಕಳ ಚಾನೆಲ್ಲಿನಲ್ಲಿ ಬರುವ ಹೊರದೇಶದ ಕಾರ್ಟೂನುಗಳಿಗೆ, ಜಪಾನಿನ ಅನಿಮೆಗಳಿಗೆ ದನಿ ಕೊಡುವುದು ಅವಳ ಕೆಲಸ. ಗಂಟಲು ಸ್ವಲ್ಪ ದಪ್ಪ ಎಂಬ ಒಂದೇ ತಪ್ಪಿಗೆ ಮೊದಲ ದಿನ ಮಾಟಗಾತಿ ಮಾಡಿಸಿದರು. ಆಮೇಲೆ ಯಾರೂ ಅವಳನ್ನು ಆ ಕುರ್ಚಿಯಿಂದ ಎಬ್ಬಿಸುವ ಗೋಜಿಗೆ ಹೋಗಲಿಲ್ಲ. ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ರಕ್ಕಸಕ್ಕ.

ಮನೆಯಲ್ಲಿ ಇದ್ದವಳು ತಾಯಿಯೊಬ್ಬಳೇ. ಕಣ್ಣು ಹೋಗಿ ಆರು ವರ್ಷವಾಗಿತ್ತು, ಕಿವಿ ಮಾತ್ರ ಭಾರಿ ಚುರುಕು. ಮಗಳ ಒಂದು ಕಂತನ್ನೂ ಬಿಡದೆ ಟೀವಿ ಮುಂದೆ ಕೂತು ಕೇಳುತ್ತಿದ್ದಳು. ಮುಗಿದ ಮೇಲೆ ಕೇಳುವ ಪ್ರಶ್ನೆ ಯಾವತ್ತೂ ಒಂದೇ.

"ಇವತ್ತೂ ಸತ್ತೆ ತಾನೇ?"

"ಹೂಂ ಅಮ್ಮ, ಸತ್ತೆ."

"ಐದು ಜನ ಸೇರ್ಕೊಂಡು ಒಬ್ಬಳನ್ನ ಹೊಡೆಯೋದು. ಅದಕ್ಕೆ ಚಪ್ಪಾಳೆ ಬೇರೆ ಕೇಡು. ಥೂ!"

ಆ ಐದು ಜನರ ಮೇಲೆ ತಾಯಿಗಿಂತ ಮಗಳಿಗೆ ಅಸಡ್ಡೆ ಹೆಚ್ಚು. ಸರಣಿ ಯಾವುದೇ ಆಗಲಿ, ಇವರು ಇದ್ದೇ ಇರುತ್ತಿದ್ದರು: ಕೆಂಪು, ನೀಲಿ, ಹಳದಿ, ಹಸಿರು, ಜೊತೆಗೆ ಇವಳು ಹುಡುಗಿ ಎಂದು ಗೊತ್ತಾಗಲೆಂದು ಒಬ್ಬಳು ಗುಲಾಬಿ. ಊರು ಹೊತ್ತಿ ಉರಿಯುತ್ತಿದ್ದರೂ ಮೊದಲು ಸಾಲಾಗಿ ನಿಂತು, ಕೈಕಾಲು ತಿರುವಿ, ಒಬ್ಬೊಬ್ಬರಾಗಿ ತಮ್ಮ ತಮ್ಮ ಹೆಸರು ಸಾರಿಕೊಳ್ಳಬೇಕು. ಅದಕ್ಕೆ ಒಂದು ನಿಮಿಷ ನಲವತ್ತು ಸೆಕೆಂಡು. ಅಷ್ಟು ಹೊತ್ತೂ ಎದುರಿಗಿನ ರಾಕ್ಷಸ ಕೈಕಟ್ಟಿಕೊಂಡು ಕಾಯುತ್ತಾನೆ. ಇಡೀ ಕಥೆಯಲ್ಲಿ ಮಾನ ಮರ್ಯಾದೆ ಇರುವವನು ಅವನೊಬ್ಬನೇ. ಆಮೇಲೆ ಐವರೂ ಒಂದು ದೈತ್ಯ ಯಂತ್ರ ಹತ್ತಿ, ಊರನ್ನು ಉಳಿಸುವ ನೆಪದಲ್ಲಿ ಊರನ್ನೇ ತುಳಿದುಕೊಂಡು ಹೋಗುತ್ತಾರೆ. ಕಾಲಡಿಯ ಮನೆಗಳಲ್ಲಿ ಯಾರಿದ್ದರು ಎಂದು ಕೆಂಪಾಗಲಿ ಗುಲಾಬಿಯಾಗಲಿ ಒಂದು ಸಲವಾದರೂ ಬಗ್ಗಿ ನೋಡಿದ್ದನ್ನು ಅವಳು ಕಾಣಲಿಲ್ಲ.

ಹೀಗಿರುವಾಗ ಹೊಸ ಅನಿಮೆಯೊಂದು ಬಂತು, ಹದಿಮೂರು ಕಂತು. ಸ್ಟುಡಿಯೋದಲ್ಲಿ ಕಥೆಯನ್ನು ಪೂರ್ತಿ ಓದುವ ಕೆಟ್ಟ ಚಟ ಯಾರಿಗೂ ಇರಲಿಲ್ಲ. ಅವತ್ತಿನ ಪುಟ, ಅವತ್ತಿನ ಸಾಲು, ಮುಗಿಯಿತು. ಅವಳಿಗೆ ಮಾತ್ರ ಬಸ್ಸಿನಲ್ಲಿ ಹೊತ್ತು ಹೋಗಬೇಕಿತ್ತು, ಹಾಗಾಗಿ ಅನುವಾದದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಓದತೊಡಗಿದಳು. ಇಳಿಯುವ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋದದ್ದು ಗೊತ್ತಾಗಲಿಲ್ಲ.

ಇದರಲ್ಲೂ ಐವರು ಇದ್ದರು, ಯಂತ್ರವೂ ಇತ್ತು. ಆದರೆ ಯಂತ್ರ ಹಿಂದೊಂದು ಕಾಳಗದಲ್ಲಿ ಒಂದು ಬೀದಿಯ ಮೇಲೆ ಕಾಲಿಟ್ಟಿತ್ತು. ಹದಿನೇಳು ಮನೆ. ಆ ಬೀದಿಯಲ್ಲಿ ಅಕ್ಕ ತಂಗಿ ಇಬ್ಬರ ಒಂದು ಲಾಂಡ್ರಿ. ಅಕ್ಕ ಒಗೆದ ಬಟ್ಟೆ ಕೊಟ್ಟುಬರಲು ಆಚೆ ಬೀದಿಗೆ ಹೋಗಿದ್ದಳು, ಬದುಕಿಕೊಂಡಳು. ತಂಗಿ ಒಳಗೆ ಇಸ್ತ್ರಿ ಹಾಕುತ್ತಿದ್ದಳು. ಅವತ್ತು ಐವರಿಗೆ ಸನ್ಮಾನವಾಯಿತು, ಬೀದಿಯ ಹೆಸರು ಸುದ್ದಿಯಲ್ಲೂ ಬರಲಿಲ್ಲ. ಅಕ್ಕ ಅದೇ ಬೀದಿಯ ಕೆಸರಿನಿಂದ ಮುಖವಾಡ ಮಾಡಿಕೊಂಡಳು. ಎಲ್ಲರೂ ಅವಳನ್ನು ಕೆಸರುರಾಣಿ ಎಂದು ಕರೆದು ಹೆದರಿದರು. ಆದರೆ ಅವಳಿಗೆ ಲೋಕ ಗೆಲ್ಲುವ ಹುಚ್ಚೇನೂ ಇರಲಿಲ್ಲ, ಆ ಯಂತ್ರದ ಕಾಲು ಮುರಿಯಬೇಕಿತ್ತು, ಅಷ್ಟೇ.

ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ರಕ್ಕಸಕ್ಕನಿಗೆ ಒಂದು ಮಾತನ್ನು ತಾನೇ ಹೇಳಬೇಕು ಅನ್ನಿಸಿತು. ಗಂಟಲು ಬಿಗಿದು ಹೊರಡಿಸುವ ಆ ಗೊಗ್ಗರು ದನಿಯಲ್ಲಿ ಅಲ್ಲ, ಮನೆಯಲ್ಲಿ ಅಮ್ಮನೊಡನೆ ಮಾತಾಡುವ ದನಿಯಲ್ಲಿ. ಆ ದನಿಯನ್ನು ಯಾವ ಮೈಕೂ ಈವರೆಗೆ ಕೇಳಿರಲಿಲ್ಲ.

ಮರುದಿನ ನಿರ್ದೇಶಕ ಕೆಂಪು ಪೆನ್ನು ಹಿಡಿದುಕೊಂಡು ಬಂದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ತೂಕದಲ್ಲಿ ಮತ್ತು ಜಂಬದಲ್ಲಿ ಮಾತ್ರ ಹಿರಿಯ.

"ಚಾನೆಲ್ ಮೇಡಂ ಫೋನ್ ಮಾಡಿದ್ರು ಅಕ್ಕ. ಇದೇನೋ ತಲೆಕೆಳಗಾದ ಕಥೆಯಂತೆ. ಮಕ್ಕಳಿಗೆ ಗೊಂದಲ ಆಗುತ್ತೆ, ವಿಲನ್ ವಿಲನ್ ಥರಾನೇ ಇರಲಿ ಅಂದ್ರು. ಅವತ್ತವತ್ತಿನ ಸಾಲು ಅವತ್ತವತ್ತೇ ನಾನೇ ಬದಲಾಯಿಸ್ತೀನಿ."

"ತುಟಿಗೆ ಕೂರಬೇಕಲ್ಲ?"

"ಯಾವ ತುಟಿ? ಐದು ಜನಕ್ಕೂ ಹೆಲ್ಮೆಟ್ಟು, ನಿಮಗೆ ಮುಖವಾಡ. ನಾವೇನು ಹೇಳಿಸ್ತೀವೋ ಅದೇ ಅವರು ಹೇಳೋದು!" ಎಂದು ಹಲ್ಲು ಕಿರಿದ, ಮುಖವಾಡ ಕಂಡುಹಿಡಿದವನು ತಾನೇ ಎಂಬಂತೆ.

ಮಾತು ಸುಳ್ಳಲ್ಲ. ಡಬ್ಬಿಂಗಿನಲ್ಲಿ ಅರ್ಧ ಕಷ್ಟ ತುಟಿಯದ್ದು. ಪರದೆಯ ಮೇಲೆ ಬಾಯಿ ಮುಚ್ಚಿದಾಗ ನಮ್ಮ ಮಾತೂ ಮುಚ್ಚಬೇಕು, ತೆರೆದಾಗ ತೆರೆಯಬೇಕು. ಬಾಯಿಯೇ ಕಾಣದಿದ್ದರೆ ಯಾರ ಕಿವಿಗೆ ಯಾವ ಹೂವನ್ನಾದರೂ ಇಡಬಹುದು. ‘ಆ ಬೀದಿಯಲ್ಲಿ ನನ್ನ ಮನೆ ಇತ್ತು’ ಎಂಬ ಸಾಲು ‘ಈ ಲೋಕವೆಲ್ಲ ನನ್ನದಾಗಲಿದೆ’ ಎಂದಾಯಿತು. ‘ನನ್ನ ತಂಗಿ ಎಲ್ಲಿ?’ ಎಂಬುದು ‘ಎಲ್ಲರೂ ಸಾಯಿರಿ!’ ಆಯಿತು. ಮೂಲದಲ್ಲಿ ಅವಳು ಸುಮ್ಮನೆ ನಿಂತ ಜಾಗಗಳಿಗೆಲ್ಲ ನಿರ್ದೇಶಕ ನಗು ತುಂಬಿಸಿದ.

ನಗುವಿಗೆ ಬರ ಇರಲಿಲ್ಲ. ಹತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳಿಂದ ಒಂಬತ್ತು ಬಗೆಯ ನಗು ನಗಿಸಿ, ನಂಬರು ಹಾಕಿ, ಸೌಂಡ್ ಇಂಜಿನಿಯರಿನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಒಂದನೇದು ಮೂಗಿನಲ್ಲೇ ಮುಗಿಯುತ್ತಿತ್ತು. ಏಳನೇದು ಊರು ಸುಟ್ಟು ಬೂದಿಯಾದ ಮೇಲೆ ನಗುವ ನಗು, ಹನ್ನೊಂದು ಸೆಕೆಂಡು. ನಿರ್ದೇಶಕನಿಗೆ ಏಳನೇದರ ಮೇಲೆ ಭಾರಿ ಮೋಹ. "ಏಳು ಹಾಕಪ್ಪ," ಎನ್ನುತ್ತಿದ್ದ, ಹೋಟೆಲಿನಲ್ಲಿ ಕೂತು ತಿಂಡಿ ತರಿಸುವವನಂತೆ.

ಅವಳು ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಹನ್ನೆರಡು ಕಂತು ಗಂಟಲು ಬಿಗಿದು ಗುಡುಗಿದಳು, ಪ್ರತಿ ಸಂಜೆ ಬಸ್ಸಿನ ಕಿಟಕಿಯಲ್ಲಿ ತನ್ನ ಮುಖ ಕಂಡಾಗ ಬೇರೆ ಕಡೆ ತಿರುಗಿದಳು. ನಿರ್ದೇಶಕನ ಮೇಲೆ ಇದ್ದಷ್ಟೇ ತಿರಸ್ಕಾರ ಅವಳಿಗೆ ತನ್ನ ಮೇಲೂ ಇತ್ತು. ಇಪ್ಪತ್ತನಾಲ್ಕು ವರ್ಷ ಹೂಂ ಎಂದ ಕತ್ತು, ಈಗ ಕೇಳುವ ಮೊದಲೇ ಆಡುತ್ತಿತ್ತು.

ಆರನೇ ಕಂತು ಬಂದ ದಿನ ತಾಯಿ ಟೀವಿಯ ಕಡೆಗೆ ಕಿವಿ ಇಟ್ಟು ಹುಬ್ಬು ಗಂಟಿಕ್ಕಿದಳು.

"ಅಲ್ವೇ, ಹಿಂದೆ ಸಂಗೀತ ಅಳ್ತಾ ಇದೆ. ನೀನು ಯಾಕೆ ನಗ್ತಾ ಇದೀಯಾ?"

ಡಬ್ಬಿಂಗಿನಲ್ಲಿ ಬದಲಾಗುವುದು ಮಾತು ಮಾತ್ರ, ಸಂಗೀತ ಮೂಲದ್ದೇ ಉಳಿಯುತ್ತದೆ. ಸ್ಟುಡಿಯೋದ ಕಣ್ಣಿದ್ದವರಿಗೆ ಯಾರಿಗೂ ಇದು ಹೊಳೆದಿರಲಿಲ್ಲ.

"ಹಾಗೆ ಬರೆದಿದ್ದಾರಮ್ಮ," ಎಂದಳು ಮಗಳು.

"ಬರೆದವನಿಗೆ ಬುದ್ಧಿ ಇಲ್ಲ ಸರಿ. ನಿನಗೆ?"

ಮಗಳು ಒಲೆಯ ಮೇಲಿನ ಹಾಲು ನೋಡುವ ನೆಪದಲ್ಲಿ ಎದ್ದು ಹೋದಳು.

ಹದಿಮೂರನೇ ಕಂತಿನ ದಿನ ಎಲ್ಲರೂ ಸಡಗರದಲ್ಲಿದ್ದರು. ಮಧ್ಯಾಹ್ನ ನಾಲ್ಕಕ್ಕೆ ಚಾನೆಲ್ಲಿಗೆ ಕಳಿಸಿದರೆ ಕೆಲಸ ಮುಗಿಯಿತು. ಕೆಂಪು ವೀರನಿಗೆ ದನಿ ಕೊಡುವವನೂ ಬಂದಿದ್ದ. ಅವನಿಗೆ ಸ್ಟುಡಿಯೋದಲ್ಲಿ ಕೆಂಪಣ್ಣ ಎಂದೇ ಹೆಸರು. ಲಿಫ್ಟಿನಲ್ಲಿ ‘ಎರಡನೇ ಮಹಡಿ’ ಎನ್ನುವಾಗಲೂ ಎದೆ ಉಬ್ಬಿಸುವ ಮನುಷ್ಯ. ಕೊನೆಯ ಕಂತಿನಲ್ಲಿ ಏನಿದೆ ಎಂದು ಅವಳನ್ನು ಬಿಟ್ಟರೆ ಯಾರೂ ನೋಡಿರಲಿಲ್ಲ. ಅವಳು ಬಾಯಿ ಬಿಟ್ಟಿರಲಿಲ್ಲ.

ಪರದೆಯ ಮೇಲೆ ಯಂತ್ರದ ಕಾಲು ಮುರಿದು ಬಿತ್ತು. ಐವರು ಸಾಲಾಗಿ ನಿಂತರು. ಕೆಸರುರಾಣಿ ಎರಡು ಕೈ ಎತ್ತಿ ಮುಖವಾಡ ತೆಗೆದಳು.

ಒಳಗೆ ಇದ್ದದ್ದು ನಲವತ್ತು ದಾಟಿದ ಒಬ್ಬ ಹೆಂಗಸು. ಕಣ್ಣ ಕೆಳಗೆ ಕಪ್ಪು, ಕೆನ್ನೆಯ ಮೇಲೆ ನೀರು. ಪರದೆ ತುಂಬ ಅವಳ ಮುಖ, ಮುಖದ ತುಂಬ ತುಟಿ. ಒಂದು ನಿಮಿಷ ಹತ್ತು ಸೆಕೆಂಡು ಅವಳು ಮಾತಾಡುತ್ತಲೇ ಇದ್ದಳು.

ನಿರ್ದೇಶಕನ ಪೆನ್ನು ನಿಂತಿತು. "ಇದೇನಿದು? ತುಟಿ ಕಾಣ್ತಿದೆಯಲ್ಲ!"

"ಬಾಯಿ ಇರೋರಿಗೆ ತುಟಿ ಇರುತ್ತೆ ಸಾರ್," ಎಂದ ಸೌಂಡ್ ಇಂಜಿನಿಯರು. ಹುಟ್ಟಿದಾಗಿನಿಂದ ನಕ್ಕವನಲ್ಲ ಎನ್ನುವಂಥ ಮುಖ ಅವನದು.

ಲೋಕವೆಲ್ಲ ನನ್ನದು ಎಂದು ಕೂರಿಸಲು ನೋಡಿದರು. ಆ ಹೆಂಗಸು ತುಟಿ ಮುಚ್ಚಿದ್ದಾಗ ಲೋಕ ಬಾಯಿ ತೆರೆಯಿತು, ಅವಳು ಬಾಯಿ ತೆರೆದಾಗ ಲೋಕ ಮುಗಿದುಹೋಗಿತ್ತು. ಶಾಪ ಹಾಕಿಸಿದರು, ಕ್ಷಮೆ ಕೇಳಿಸಿದರು, ಯಾವುದೂ ಕೂರಲಿಲ್ಲ. ಕೊನೆಗೆ ನಿರ್ದೇಶಕ "ಏಳು ಹಾಕಪ್ಪ" ಎಂದ. ಅಳುವ ಮುಖದ ಮೇಲೆ ಏಳನೇ ನಗು ಹನ್ನೊಂದು ಸೆಕೆಂಡು ಹರಿಯಿತು. ಕೆಂಪಣ್ಣ ಕೂಡ ತಲೆ ತಗ್ಗಿಸಿ ಮೊಬೈಲು ನೋಡಿದ.

"ನೋಡೋಕಾಗಲ್ಲ ಸಾರ್," ಎಂದ ಇಂಜಿನಿಯರು.

"ಹಾಗಾದ್ರೆ ಕತ್ತರಿಸು."

"ಕಂತು ಇಪ್ಪತ್ತೆರಡು ನಿಮಿಷ ಇರಲೇಬೇಕು. ಆ ಜಾಗಕ್ಕೆ ಏನು ಹಾಕಲಿ?"

"ಐದು ಜನ ಹೆಸರು ಹೇಳೋದನ್ನ ಹಾಕು."

"ಆಗಲೇ ಎರಡು ಸಲ ಹೇಳಿದ್ದಾರೆ. ಇನ್ನೊಂದು ಸಲ ಹೇಳಿದ್ರೆ ಮಕ್ಕಳೇ ಎದ್ದು ಹೊಡೀತಾರೆ."

ಗಂಟೆ ಮೂರೂ ಕಾಲು. ರಕ್ಕಸಕ್ಕ ಎದ್ದು ನಿಂತಳು. "ಅವಳು ಏನು ಹೇಳ್ತಾಳೋ ಅದನ್ನೇ ಹೇಳ್ತೀನಿ. ತುಟಿಗೆ ತಾನಾಗಿ ಕೂರುತ್ತೆ."

"ಅಕ್ಕಾ, ನನ್ನ ಕೆಂಪು ಬಗ್ಗೆ ಹೀಗೆಲ್ಲ ಅಂದ್ರೆ ನನ್ನ ಅಭಿಮಾನಿಗಳು ಏನು ಅಂದ್ಕೋತಾರೆ?" ಎಂದ ಕೆಂಪಣ್ಣ, ಅವಳ ಕೈಯಲ್ಲಿದ್ದ ಪುಟದ ಮೇಲೆ ಕಣ್ಣಾಡಿಸಿ. ಅವನ ಅಭಿಮಾನಿಗಳಲ್ಲಿ ಅರ್ಧದಷ್ಟು ಜನಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ನಿರ್ದೇಶಕ ಗಡಿಯಾರ ನೋಡಿದ. "ಸರಿ, ಹೇಳಿ. ಆದ್ರೆ ದನಿ ನಿಮ್ಮ ರಕ್ಕಸಿದೇ ಇರಲಿ. ಹನ್ನೆರಡು ಕಂತು ಹಾಗೇ ಹೋಗಿದೆ."

ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಕೆಂಪು ದೀಪ ಹತ್ತಿತು. ಬಿಗಿಯಲು ಹೊರಟ ಗಂಟಲನ್ನು ಅವಳು ಬಿಟ್ಟುಬಿಟ್ಟಳು. ಅಮ್ಮನ ತಟ್ಟೆಗೆ ಬಡಿಸುವಾಗ ಬರುವ ದನಿ ಬಂತು, ಸ್ವಲ್ಪ ಒಡೆದದ್ದು, ಸ್ವಲ್ಪ ದಣಿದದ್ದು. ಒಂದೇ ಸಲಕ್ಕೆ ಪೂರ್ತಿ ಹೇಳಿದಳು. ಕೊನೆಯ ಸಾಲಿಗೆ ಆ ಹೆಂಗಸಿನ ತುಟಿಯೂ ಅವಳ ತುಟಿಯೂ ಒಟ್ಟಿಗೆ ಮುಚ್ಚಿದವು.

"ಚೆನ್ನಾಗಿದೆ, ಈಗ ಇನ್ನೊಂದು ಸಲ ರಕ್ಕಸಿ ದನೀಲಿ," ಎಂದ ನಿರ್ದೇಶಕ.

"ಇನ್ನೊಂದು ಸಲ ಇಲ್ಲ," ಎಂದು ಅವಳು ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿ ಹೊರಗೆ ಬಂದಳು. ಅವನಿಗೆ ಜಗಳವಾಡುವಷ್ಟು ಹೊತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ. "ಆಯ್ತು ಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದ. ಮಿಕ್ಕಿದ್ದು ಏನು ಎಂದು ಅವಳು ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಕಾಲು ಹಗುರವಾಗಿತ್ತು, ಬಸ್ಸಿನ ಕಿಟಕಿಯಲ್ಲಿ ತನ್ನ ಮುಖ ನೋಡಿಕೊಂಡಳು.

ಶನಿವಾರ ಮಧ್ಯಾಹ್ನ ಕಂತು ಬಂತು. ತಾಯಿ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಮಗಳು ಹಿಂದೆ ಮಂಚದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಐವರ ಹೆಸರು ಮುಗಿಯಿತು, ಯಂತ್ರದ ಕಾಲು ಮುರಿಯಿತು. ಮುಖವಾಡ ಕಳಚಿತು.

‘ಈ ಬೀದಿಯಲ್ಲಿ ಹದಿನೇಳು ಮನೆ ಇತ್ತು. ನೀಲಿ ಬಾಗಿಲಿನ ಮನೆಯಲ್ಲಿ ಒಬ್ಬ ಅಜ್ಜ ರೇಡಿಯೋ ರಿಪೇರಿ ಮಾಡ್ತಿದ್ದ. ಮೂಲೆ ಮನೆಯಲ್ಲಿ ಅವಳಿ ಮಕ್ಕಳು. ನಮ್ಮ ಅಂಗಡಿಯಲ್ಲಿ ನನ್ನ ತಂಗಿ ಇಸ್ತ್ರಿ ಹಾಕ್ತಿದ್ದಳು. ಅವತ್ತು ಅವಳ ಕೈಯಲ್ಲಿ ಇದ್ದದ್ದು ನಿಮ್ಮದೇ ಕೆಂಪು ಬಟ್ಟೆ. ನಾವು ಎಷ್ಟು ಜನ ಇದ್ವಿ ಅಂತ ನಿಮ್ಮಲ್ಲಿ ಒಬ್ಬರಾದರೂ ಎಣಿಸಿದಿರಾ?’

ಬಟಾಣಿ ಬಿಡಿಸುವ ಕೈ ನಿಂತಿತು. ಟೀವಿಯಿಂದ ಬಂದದ್ದು ತನ್ನ ಮನೆಯ ದನಿ. ಮಗಳು ತನ್ನೊಡನೆ ಮಾತಾಡುತ್ತಿದ್ದಾಳೆ ಎಂದೇ ತಾಯಿ ತಿಳಿದಳು.

"ಇಲ್ಲ ಕಣೇ," ಎಂದಳು ಮೆಲ್ಲಗೆ, "ಯಾರೂ ಎಣಿಸಲಿಲ್ಲ."

ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಮಗಳ ಮಾತಿಗೆ ಒಬ್ಬರು ಉತ್ತರ ಕೊಟ್ಟಿದ್ದರು. ಪರದೆಯ ಮೇಲೆ ಕೆಸರುರಾಣಿ ಬೆನ್ನು ತಿರುಗಿಸಿ ನಡೆದು ಹೋದಳು. ಅವಳನ್ನು ಯಾರೂ ಕೊಲ್ಲಲಿಲ್ಲ. ಪರದೆ ಕಪ್ಪಾಯಿತು. ಮೂಲದಲ್ಲಿ ಅಲ್ಲಿ ಬರೀ ಮೌನ.

ಆ ಕಪ್ಪಿನ ಮೇಲೆ ನಿರ್ದೇಶಕ ಏಳನೇ ನಗು ಹಾಕಿದ್ದ. ಹನ್ನೊಂದು ಸೆಕೆಂಡು. ಇಷ್ಟು ಹೊತ್ತು ಹೇಳಿದ್ದೆಲ್ಲ ನಾಟಕ, ಮಕ್ಕಳೇ ನಂಬಬೇಡಿ ಎನ್ನುವ ನಗು. ಅದರ ಹಿಂದೆಯೇ ಕೆಂಪಣ್ಣ ಎದೆ ಉಬ್ಬಿಸಿ ನ್ಯಾಯ ಗೆದ್ದಿತು ಎಂದ.

"ನಿನ್ನ ಮಾತಿಗೆ ನೀನೇ ನಕ್ಕೆಯಾ?" ಎಂದಳು ತಾಯಿ.

"ನಾನು ನಗಲಿಲ್ಲಮ್ಮ."

"ನಿನ್ನದೇ ನಗು. ನನ್ನ ಕಿವಿಗೆ ಗೊತ್ತಿಲ್ವಾ?"

"ಹತ್ತು ವರ್ಷದ ಹಿಂದೆ ನಕ್ಕಿದ್ದು. ಅವರು ಎತ್ತಿಟ್ಕೊಂಡಿದ್ದಾರೆ. ಬೇಕಾದಾಗ ಬೇಕಾದ ಕಡೆ ಹಾಕ್ತಾರೆ."

ತಾಯಿ ಪ್ರತಿ ಸಲ ಕೇಳುವುದನ್ನೇ ಕೇಳಿದಳು.

"ಇವತ್ತೂ ಸತ್ತೆ ತಾನೇ?"

"ಇವತ್ತು ಸಾಯೋದು ಇರಲಿಲ್ಲಮ್ಮ. ಆ ನಗು ಬಂತಲ್ಲ, ಆಗ ಸತ್ತೆ."

ತಾಯಿ ಮಡಿಲಿನ ಸಿಪ್ಪೆ ಕೊಡವಿದಳು. "ಅಂಥವರ ಕೈಗೆ ನಗು ಕೊಟ್ಟು ಬಂದಿದೀಯಲ್ಲ, ನಿನಗೆ ಏನು ಹೇಳಲಿ. ಎಷ್ಟಿದೆ ಅವರ ಹತ್ರ?"

"ಒಂಬತ್ತು."

"ಹೋಗು. ಒಂಬತ್ತನ್ನೂ ವಾಪಸ್ ತಗೊಂಡು ಬಾ."

ಶನಿವಾರ ಸ್ಟುಡಿಯೋ ಆರರವರೆಗೆ ತೆರೆದಿರುತ್ತದೆ. ಇಂಜಿನಿಯರು ಅಲ್ಲೇ ಇರುತ್ತಾನೆ, ನಿರ್ದೇಶಕನೂ ಇರುತ್ತಾನೆ, ಅಡ್ಡ ನಿಂತು ಕೂಗಾಡುತ್ತಾನೆ, ಸೋಮವಾರದಿಂದ ಬರಬೇಡಿ ಎನ್ನುತ್ತಾನೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಮಡಚಿದ ಬಟ್ಟೆಯನ್ನು ಮಂಚದ ಮೇಲೆ ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡಳು. ಟೀವಿಯಲ್ಲಿ ಮೊದಲ ಕಂತಿನ ಮರುಪ್ರಸಾರ ಬಂದಿತ್ತು, ಐವರೂ ಸಾಲಾಗಿ ನಿಂತು ಮತ್ತೆ ಹೆಸರು ಹೇಳಿಕೊಳ್ಳಲು ಶುರುಮಾಡಿದ್ದರು. ಅವರು ಹಳದಿಗೆ ಬರುವಷ್ಟರಲ್ಲಿ ಅವಳು ಬಸ್‌ಸ್ಟಾಪಿನಲ್ಲಿದ್ದಳು.