ಕೂತಲ್ಲಿಂದ ಏಳಬಾರದು

ಚೆಲುವರಾಜು ತಾರಸಿಯ ತಂತಿಯಿಂದ ತನ್ನ ಕ್ರಿಕೆಟ್ ತಂಡದ ಮಕ್ಕಳ ಬಿಳಿ ಪ್ಯಾಂಟುಗಳನ್ನು ಒಂದೊಂದಾಗಿ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಗ ಕೆಳಗಿನಿಂದ ನಾದಿನಿ ಮಂಗಳಮ್ಮ ಕೂಗಿದಳು.

"ಭಾವ, ಅಕ್ಕಂಗೆ ಸ್ನಾನ ಮಾಡ್ಸೋಕೆ ನೀರು ಕಾದಿದೆ. ಅಲ್ಲೇನ್ ಮಾಡ್ತಾ ಇದ್ದೀರಿ?"

"ಬಂದೆ ಕಣಮ್ಮ."

ಪ್ಯಾಂಟುಗಳು ಇನ್ನೂ ಪೂರ್ತಿ ಒಣಗಿರಲಿಲ್ಲ. ನಿನ್ನೆ ಸಂಜೆ ಹೆಂಡತಿ ಪಾರ್ವತಮ್ಮ ಅವನ್ನು ಒಗೆದು, ನೀಲಿಯಲ್ಲಿ ಅದ್ದಿ, ಮೊಣಕಾಲಿನ ಹುಲ್ಲಿನ ಕಲೆ ಹೋಗಲಿಲ್ಲವೆಂದು ಗೊಣಗುತ್ತ ಹರವಿದ್ದಳು. ಇವತ್ತು ಬೆಳಗ್ಗೆ ಕಾಫಿಗೆ ಹಾಲಿಟ್ಟವಳು ಒಲೆಯ ಮುಂದೆಯೇ ಕುಸಿದಳು. ಆಸ್ಪತ್ರೆಯ ಗೇಟು ಮುಟ್ಟುವಷ್ಟರಲ್ಲಿ ಮುಗಿದೇ ಹೋಗಿತ್ತು. ಇವತ್ತೇ ನಡೆಯಬೇಕಿದ್ದ ಜೂನಿಯರ್ ಲೀಗಿನ ಫೈನಲ್ಲನ್ನು ಎದುರಾಳಿ ತಂಡದ ಕೋಚ್ ಶಿವಪ್ರಕಾಶ್ ತಾನಾಗಿಯೇ ಮುಂದಿನ ಭಾನುವಾರಕ್ಕೆ ಹಾಕಿಸಿದ್ದ.

ಚೆಲುವರಾಜು ಕೆಳಗಿಳಿದಾಗ ಮಂಗಳಮ್ಮನ ಕಣ್ಣು ಮೊದಲು ಬಿದ್ದದ್ದು ಆ ಬಟ್ಟೆಗಳ ಮೇಲೆ.

"ಇವತ್ತೂ ಇದೇನಾ? ವಾರವೆಲ್ಲ ಕಡಕೊಳದ ಊದುಬತ್ತಿ ಫ್ಯಾಕ್ಟರೀಲಿ ದುಡಿದು, ಇದ್ದ ಒಂದು ರಜಾನೂ ಊರೋರ ಮಕ್ಕಳ ಮಣ್ಣು ಒಗೆಯೋದ್ರಲ್ಲೇ ಸವೆದೋದ್ಲು ನಮ್ಮಕ್ಕ. ಒಂದು ದಿನ ಆ ಬಯಲಿಗೆ ಕಾಲಿಟ್ಲಾ? ಆ ಆಟ ಕಂಡ್ರೇ ಆಗ್ತಿರ್ಲಿಲ್ಲ ಅವಳಿಗೆ."

ಚೆಲುವರಾಜು ಬಟ್ಟೆಗಳನ್ನು ಕುರ್ಚಿಯ ಮೇಲೆ ಇಟ್ಟ. ಅವನು ನಂಬಿದ್ದೂ ಅದನ್ನೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು ನಿವೃತ್ತಿಯಾದ ಮೇಲೆ ರಾಮಕೃಷ್ಣನಗರದ ಮಕ್ಕಳನ್ನು ಕೂಡಿಸಿ ಬೀದಿ ಕೊನೆಯ ಬಯಲಿನಲ್ಲಿ ತಂಡ ಕಟ್ಟಿದ್ದ. ಮ್ಯಾಚು ಇದ್ದಾಗಲೆಲ್ಲ "ಬಾರೆ, ನೋಡು" ಅಂತ ಕರೆಯುತ್ತಿದ್ದ. "ನಂಗೆ ಬೇರೆ ಕೆಲಸ ಇಲ್ವಾ?" ಎನ್ನುವುದು ಅವಳ ಮಾಮೂಲಿ ಉತ್ತರ. ಕರೆದೂ ಕರೆದೂ ಅವನು ಸುಮ್ಮನಾಗಿದ್ದ.

ಊರಿಂದ ಬಂದಿದ್ದ ದಾಯಾದಿ ಹುಚ್ಚಣ್ಣ ಬಿದಿರಿನ ಚಟ್ಟ ಕಟ್ಟುತ್ತ ಕೇಳಿದ: "ಯಾವ ದಾರೀಲಿ ಓಗಾದು ಚೆಲುವ? ಮೇನ್ ರೋಡಾ, ಬಯಲ ಕಡೆಯಾ?"

"ಬಯಲ ಕಡೆ ಬೇಡ," ಅಂದಳು ಮಂಗಳಮ್ಮ. "ಸತ್ತ ಮೇಲಾದ್ರೂ ಬಿಟ್ಬುಡಿ ಅವಳನ್ನ."

ಚೆಲುವರಾಜು ನೆಲ ನೋಡಿದ. "ಆಗ್ಲಿ. ಮೇನ್ ರೋಡಲ್ಲೇ ಹೋಗ್ಲಿ."

*

ಈ ಸಲದ ಲೀಗು ಶುರುವಾದಾಗ ಮಕ್ಕಳು ಮೊದಲೆರಡು ಮ್ಯಾಚೂ ಸೋತಿದ್ದರು. ತಂಡದಲ್ಲಿದ್ದ ಒಬ್ಬಳೇ ಹುಡುಗಿ ಸಿಂಚನ. ಎಡಗೈ ಬೌಲರು. ಎದುರಿನವರು ಅವಳನ್ನು ಕಂಡು ನಕ್ಕಿದ್ದರು. ಮೂರನೇ ಮ್ಯಾಚಿನಲ್ಲಿ ಯಾದವಗಿರಿಯ ಹುಡುಗರ ಮೂರು ವಿಕೆಟ್ಟನ್ನು ಸಾಲಾಗಿ ಕಿತ್ತಳು. ಆಮೇಲೆ ಯಾರೂ ನಗಲಿಲ್ಲ. ಆರಂಭಿಕ ಆಟಗಾರ ಮೋಹನನಿಗೆ ವೇಗದ ಚೆಂಡು ಬಂದರೆ ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. ಅವನೇ ಸೆಮಿಫೈನಲ್ಲಿನಲ್ಲಿ ಕೊನೆಯ ಹುಡುಗ ಬೀರೇಶನನ್ನು ಜೊತೆಗಿಟ್ಟುಕೊಂಡು ಮ್ಯಾಚು ಗೆಲ್ಲಿಸಿದ.

ಆ ಸಂಜೆ ಚೆಲುವರಾಜು ಹೆಂಡತಿಗೆ ಅದನ್ನೆಲ್ಲ ಹೇಳಹೋದಾಗ ಅವಳು ಸೌತೆಕಾಯಿ ಹೆಚ್ಚುತ್ತ, ತಲೆ ಎತ್ತದೆ, "ಗೆದ್ರಲ್ಲ, ಸರಿ. ಪ್ಯಾಂಟು ಕಳಿಸೋಕೆ ಹೇಳಿ" ಅಂದಿದ್ದಳು. ಅವನು ಉಳಿದದ್ದನ್ನು ಹೇಳದೆ ಎದ್ದುಹೋಗಿದ್ದ.

*

ಸ್ನಾನವಾಗಿ, ಅರಿಸಿನ ಹಚ್ಚಿ, ಹಸಿರು ಸೀರೆ ಉಡಿಸಿ ಪಾರ್ವತಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಆಗ ಮಕ್ಕಳು ಬಂದರು. ಗೇಟಿನ ಹತ್ತಿರವೇ ಗುಂಪಾಗಿ ನಿಂತರು. ಮೋಹನ ಯಾವ ಧ್ಯಾನದಲ್ಲಿದ್ದನೋ, ಬ್ಯಾಟನ್ನೂ ಕೈಯಲ್ಲಿ ಹಿಡಿದೇ ಬಂದಿದ್ದ.

ಸಿಂಚನ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ನೋಡಿ, "ಸರ್, ನಾವು ಇದನ್ನ ಹಾಕ್ಕೊಳ್ತೀವಿ" ಅಂದಳು.

"ಸೂತಕದ ಮನೆ ಬಟ್ಟೆ ಕಣಮ್ಮ," ಅಂದಳು ಮಂಗಳಮ್ಮ. "ಮತ್ತೆ ನೆನೆಸಿ ಒಗೀಬೇಕು. ಮೇಲಾಗಿ ಹಸಿ ಇದೆ."

"ಅಜ್ಜಿ ಒಗೆದಿದ್ದನ್ನ ಮತ್ತೆ ಯಾಕೆ ಒಗೀಬೇಕು?"

ಮಂಗಳಮ್ಮ ಬಟ್ಟೆಗಳನ್ನು ಅವಳ ಕಡೆ ಸರಿಸಿದಳು. ಮಕ್ಕಳು ಪಕ್ಕದ ಕುಸುಮಳ ಮನೆಗೆ ಹೋಗಿ ಹಾಕಿಕೊಂಡು ಬಂದರು. ತೇವಕ್ಕೆ ಬಟ್ಟೆ ತೊಡೆಗಂಟಿತ್ತು.

"ಸರ್," ಮೋಹನ ಮೆಲ್ಲಗೆ ಕೇಳಿದ, "ಅಜ್ಜೀನ ಗ್ರೌಂಡ್ ಮೇಲೇ ಕರ್ಕೊಂಡ್ ಹೋಗ್ತೀವಲ್ವಾ?"

"ಇಲ್ಲಪ್ಪ. ಅವಳಿಗೆ ಇಷ್ಟ ಇರ್ಲಿಲ್ಲ."

ಮಕ್ಕಳು ಮುಖ ಮುಖ ನೋಡಿಕೊಂಡರು. ಅವರ ಹಿಂದೆ ನಿಂತಿದ್ದ ಕುಸುಮ ಸೆರಗಿನಲ್ಲಿ ಮೂಗೊರೆಸಿಕೊಂಡು ಮುಂದೆ ಬಂದಳು.

"ಯಾರ್ ಹೇಳಿದ್ದು ಇಷ್ಟ ಇರ್ಲಿಲ್ಲ ಅಂತ? ಒಂದ್ ಮ್ಯಾಚೂ ಬಿಟ್ಟೋರಲ್ಲ ಅವ್ರು. ನಮ್ಮ ಮನೆ ತಾರಸೀಲಿ ನೀರಿನ ಟ್ಯಾಂಕಿಗೆ ಒರಗಿ, ಬಯಲಿಗೆ ಬೆನ್ನು ಹಾಕಿ ಕೂರೋರು. ನಾನು ನೋಡಿ ನೋಡಿ ಹೇಳ್ಬೇಕು, ಅವ್ರು ಕೇಳ್ಬೇಕು. ಸಿಂಚನ ಮೂರು ವಿಕೆಟ್ ತೆಗೆದಾಗ ನನ್ನ ಕೈ ಹಿಂಡಿದ್ದು ನೋಡ್ಬೇಕಿತ್ತು, ಬಳೆ ಒಡೆದೋಯ್ತು."

"ಬೆನ್ನು ಹಾಕಿ ಯಾಕೆ?" ಅಂದಳು ಮಂಗಳಮ್ಮ.

"ಅವ್ರು ನೋಡಿದ್ರೆ ಸೋಲ್ತಾರಂತೆ. ಸೆಮಿಫೈನಲ್ ದಿನ ಬಿಸಿಲು ತಿರುಗಿ ಮುಖಕ್ಕೇ ಹೊಡೀತಿತ್ತು. ಈ ಕಡೆ ಬನ್ನಿ ಅಂದೆ. 'ಸುಮ್ನಿರು ಕುಸುಮ, ನಾನೆದ್ರೆ ಮೋಹನ ಔಟಾಗ್ಬುಡ್ತಾನೆ' ಅಂದ್ರು. ಮ್ಯಾಚ್ ಮುಗಿಯೋವರ್ಗೂ ಏಳ್ಲಿಲ್ಲ ಪುಣ್ಯಾತ್ಗಿತ್ತಿ."

"ಹಾಗಂತ ಅವಳಿಗೆ ಯಾರು ಹೇಳಿದ್ರು?" ಚೆಲುವರಾಜು ಕೇಳಿದ.

"ನೀವೇ ಅಂತೆ," ಅಂದಳು ಕುಸುಮ.

*

ಮದುವೆಯಾದ ಹೊಸತು. ಡಿಪೋ ತಂಡದ ಮ್ಯಾಚು. ಪಾರ್ವತಿ ಟಿಫನ್ ಕ್ಯಾರಿಯರಿನಲ್ಲಿ ಪುಳಿಯೋಗರೆ ತುಂಬಿಕೊಂಡು ಬಂದು ಗುಲ್‌ಮೊಹರ್ ಮರದ ಕೆಳಗೆ ಕೂತಿದ್ದಳು. ಇಬ್ಬರು ಚೆನ್ನಾಗಿ ಆಡುತ್ತಿದ್ದರೆ ಹೊರಗೆ ಕೂತವರು ಕೂತಲ್ಲಿಂದ ಏಳಬಾರದು. ಎದ್ದರೆ ವಿಕೆಟ್ ಬೀಳುತ್ತದೆ. ಡಿಪೋದವರಿಗೆ ಇದು ದೇವರ ಮಾತಿನಷ್ಟು ಖಾತ್ರಿ. ಆ ಹುಡುಗಿಗೆ ಏನು ಗೊತ್ತು? ನೀರು ಕುಡಿಯಲು ಎದ್ದಳು. ಅದೇ ಚೆಂಡಿಗೆ ಸ್ಟಂಪು ಹಾರಿತು. ಮ್ಯಾಚೂ ಹೋಯಿತು.

"ಯಾಕೆ ಎದ್ದೆ? ಎಲ್ಲಾ ನಿನ್ನ ಕಾಲ್ಗುಣ! ಇನ್ಮೇಲೆ ನೋಡೋಕೂ ಬರ್ಬೇಡ," ಎಂದು ಚೆಲುವರಾಜು ಎಲ್ಲರ ಮುಂದೆ ರೇಗಿದ್ದ. ಜೊತೆಗಾರರು ನಕ್ಕರು. ಅವಳೂ ನಕ್ಕಳು. ಆಮೇಲೆ ಅವನು ಪುಳಿಯೋಗರೆ ತಿಂದು, ಕೈ ತೊಳೆದು, ಆಡಿದ ಮಾತನ್ನು ಅಲ್ಲೇ ಮರೆತಿದ್ದ.

*

"ಹುಚ್ಚಣ್ಣ," ಚೆಲುವರಾಜು ಎದ್ದು ನಿಂತ. "ಬಯಲ ದಾರೀಲೇ ಹೋಗ್ಲಿ. ಅರ್ಧದಾರಿ ಅಂತ ಇಳಿಸೋದೂ ಅಲ್ಲೇ."

"ಅದು ಅರ್ಧದಾರಿ ಎಂಗಾಯ್ತದೆ? ಮನೆ ಬಾಗಿಲಲ್ಲೇ ಅದೆ."

"ನಮ್ಮಿಬ್ರಿಗೂ ಅದೇ ಅರ್ಧದಾರಿ ಅಣ್ಣ."

ಹುಚ್ಚಣ್ಣ ಮಂಗಳಮ್ಮನ ಕಡೆ ನೋಡಿದ. ಅವಳು ಬಗ್ಗಿ ಅಕ್ಕನ ಸೆರಗು ಸರಿಮಾಡಿದಳು.

ಪಾರ್ವತಮ್ಮನನ್ನು ಚಟ್ಟದ ಮೇಲೆ ಕೂರಿಸಿ, ಮುಖ ಮನೆಯ ಕಡೆಗಿರುವಂತೆ ಹೊತ್ತರು. ಬಿಟ್ಟುಬಂದ ಮನೆಯನ್ನು ಜೀವ ಅರ್ಧದಾರಿಯವರೆಗೆ ನೋಡಿಕೊಳ್ಳಲಿ, ಅಲ್ಲಿಂದಾಚೆ ಮುಂದಿನದನ್ನು ನೋಡಲಿ ಎಂಬುದು ಅವರಲ್ಲಿ ನಡೆದುಬಂದ ಪದ್ಧತಿ. ತಮಟೆ ಮುಂದೆ, ಒದ್ದೆ ಬಿಳಿಬಟ್ಟೆಯ ಮಕ್ಕಳು ಹಿಂದೆ. ಬೀದಿ ಬಯಲಿಗೆ ಮುಟ್ಟುವ ಮೂಲೆಯಲ್ಲಿ ಚಟ್ಟ ಇಳಿಸಿದರು. ಮಸಣಕ್ಕೆ ಒಯ್ಯುವ ವ್ಯಾನು ಅಲ್ಲೇ ನಿಂತಿತ್ತು. ಹೆಂಗಸರು ಮಕ್ಕಳು ವಾಪಸಾಗಬೇಕಾದ ಜಾಗವೂ ಅದೇ.

"ತಿರುಗಿಸ್ರಪ್ಪ," ಅಂದ ಹುಚ್ಚಣ್ಣ.

ನಾಲ್ಕು ಜನ ಚಟ್ಟವನ್ನು ತಿರುಗಿಸಿದರು. ಮನೆಗೆ ಈಗ ಪಾರ್ವತಮ್ಮನ ಬೆನ್ನು. ಮುಖದ ಮುಂದೆ ಬಯಲು, ಬಯಲಿನ ನಡುವೆ ಮಕ್ಕಳು ಫೈನಲ್ಲಿಗೆಂದು ನಿನ್ನೆಯೇ ನೀರು ಹಾಕಿ ರೋಲರ್ ಎಳೆದಿದ್ದ ಪಿಚ್ಚು.

"ಸಿಂಚನ, ಚೆಂಡಿದೆಯೇನಮ್ಮ?"

ಅವಳು ಜೇಬು ಮುಟ್ಟಿಕೊಂಡು ತಲೆಯಾಡಿಸಿದಳು.

"ಒಂದು ಓವರ್ ಆಡ್ರೋ."

"ಲೇ ಚೆಲುವ," ಹುಚ್ಚಣ್ಣ ಹತ್ತಿರ ಬಂದು ಪಿಸುಗುಟ್ಟಿದ, "ಎಣ ಇಳಿಸ್ಕೊಂಡು ಆಟ ಆಡ್ಸಾದು ಎಲ್ಲಾದ್ರೂ ಉಂಟೇನೋ? ವ್ಯಾನು ಕಾಯ್ತಾ ಅದೆ."

"ಆರೇ ಬಾಲು ಅಣ್ಣ. ಕೂತ್ಕೊ."

ಮಕ್ಕಳು ಚಪ್ಪಲಿ ಬಿಟ್ಟು ಬಯಲಿಗೆ ಓಡಿ ತಂತಮ್ಮ ಜಾಗ ಹಿಡಿದರು. ಮೋಹನ ಬ್ಯಾಟು ಊರಿ ನಿಂತ. ಚೆಲುವರಾಜು ಚಟ್ಟದ ಪಕ್ಕ ಜಲ್ಲಿಯ ಮೇಲೆಯೇ ಕೂತ. ಮಂಗಳಮ್ಮ, ತಮಟೆಯವರು ಕೂತರು. ಹುಚ್ಚಣ್ಣ ಗೊಣಗುತ್ತಲೇ ಕುಕ್ಕರಗಾಲಲ್ಲಿ ಕೂತ. ಸಿಂಚನಳ ಮೊದಲ ಚೆಂಡನ್ನು ಮೋಹನ ಹಿಂದೆ ಸರಿಯದೆ ತಡೆದ.

ಗಾಳಿಗೆ ಜಾರಿದ ಹಾರ ಸರಿಮಾಡಲು ಮಂಗಳಮ್ಮ ಅರ್ಧ ಎದ್ದಳು. ಚೆಲುವರಾಜು ಅವಳ ಕೈ ಹಿಡಿದು ಕೂರಿಸಿದ.

"ಓವರ್ ಮುಗೀಲಿ ಕಣಮ್ಮ. ಅಲ್ಲೀವರ್ಗೂ ಏಳ್ಬೇಡ."

ಅವಳು ಕೂತಳು. ಬಿಸಿಲು ಎದುರಿನಿಂದ ನೇರ ಮುಖಕ್ಕೆ ಹೊಡೆಯುತ್ತಿತ್ತು. ಜಲ್ಲಿ ಒತ್ತಿ ಚೆಲುವರಾಜುವಿನ ಕಾಲು ಜೋಮು ಹಿಡಿಯತೊಡಗಿತು. ಸಿಂಚನ ಎರಡನೆಯ ಚೆಂಡಿಗೆ ಓಡಿ ಬಂದಳು. ಅವನು ಕದಲಲಿಲ್ಲ.