ತೋಳಿನ ಮೇಲಿನ ಕಲೆ

ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ನೈರೋಬಿಗೆ ಬಂದಿಳಿದ ಚಂಪಾಗೆ ಅಳಿಯ ಅಭಯ್‌ನ ಮೇಲೆ ಗುಮಾನಿ ಹುಟ್ಟಿದ್ದು ಬಚ್ಚಲಲ್ಲಿ. ನ್ಗಾರಾ ಪೇಟೆಯ ಗುಜರಾತಿ ಅಂಗಡಿಯಿಂದ ತರಿಸಿದ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಮಗಳ ತೋಳಿಗೆ ಹಚ್ಚಲು ಹೋದರೆ, ಅಲ್ಲಿ ಹಸಿರುಗಟ್ಟಿದ ಕಲೆಗಳು. ತೊಡೆಯ ಮೇಲೂ ಅಂಥವೇ.

"ಏನೇ ಶರ್ವಾಣಿ ಇದು?"

"ಏನಿಲ್ಲಮ್ಮ. ನಂಗೆ ಸ್ವಲ್ಪ ತಾಗಿದ್ರೂ ಹೀಗಾಗತ್ತೆ. ಮೊದಲಿಂದ್ಲೂ ಹಾಗೇ ಅಲ್ವಾ?"

ಏಟು ತಿಂದ ಹೆಂಗಸರೆಲ್ಲ ಹೇಳುವುದೇ ಇದನ್ನು ಎಂದುಕೊಂಡಳು ಚಂಪಾ. ಚಿಕ್ಕವಳಿದ್ದಾಗ ಕಾಂಪೌಂಡು ಹಾರುತ್ತಿದ್ದ ಹುಡುಗಿ, ಕಲೆಯಾಗದೆ ಇನ್ನೇನಾದೀತು? ಈಗ ಲ್ಯಾವಿಂಗ್ಟನ್ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಯಾವ ಕಾಂಪೌಂಡು ಹಾರಿದಳಂತೆ? ಔಷಧ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದ ಅಳಿಯ ಜೋರಾಗಿ ಮಾತೇ ಆಡದವನು. ಅದೇ ಅವಳಿಗೆ ಸರಿಬರಲಿಲ್ಲ. ಬಾಯಿ ಬಿಡದ ಗಂಡಸರನ್ನು ಅವಳು ಎಂದೂ ನಂಬಿದವಳಲ್ಲ. ಅಂದಿನಿಂದ ಅವನು ತಟ್ಟೆ ಇಟ್ಟ ಸದ್ದಿಗೂ ಕಿವಿ ನಿಮಿರಿಸಿದಳು. ಅವನು ಮಗಳ ಹೆಗಲು ಮುಟ್ಟಿದರೆ ಇವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಭಯ್ ಕೆಲಸದ ಮೇಲೆ ಮೊಂಬಾಸಾಗೆ ಹೋದಾಗ ಚಂಪಾ ಮನಸ್ಸು ಗಟ್ಟಿ ಮಾಡಿಕೊಂಡಳು. ಹೆರಿಗೆಯ ಹೊಲಿಗೆ ಇನ್ನೂ ಮಾಯ್ದಿಲ್ಲವೆಂದು ಶರ್ವಾಣಿ ಹೇಗೂ ಡಾಕ್ಟರ ಹತ್ತಿರ ಹೊರಟಿದ್ದಳು. ಮಗುವನ್ನೆತ್ತಿಕೊಂಡು ಜೊತೆಗೆ ಹೋದ ಚಂಪಾ, ಕೂತ ಕೂಡಲೇ ಮಗಳ ತೋಳು ಹಿಡಿದು ತೋರಿಸಿದಳು.

"ಇದನ್ನ ಬರೆದುಕೊಡಿ ಡಾಕ್ಟ್ರೇ, ಪೊಲೀಸರಿಗೆ ಕೊಡ್ಬೇಕು. ಮಗಳನ್ನೂ ಮೊಮ್ಮಗಳನ್ನೂ ಮೈಸೂರಿಗೆ ಕರ್ಕೊಂಡ್ ಹೋಗ್ತೀನಿ."

"ಅಮ್ಮಾ!" ಎಂದು ಚೀರಿದಳು ಶರ್ವಾಣಿ.

ಮಂಗಳೂರು ಕಡೆಯ ಡಾಕ್ಟರ್ ಡೆಂಜಿಲ್ ಶರ್ವಾಣಿಯ ಮೊಣಕೈಯ ಚರ್ಮವನ್ನು ಮೆಲ್ಲಗೆ ಎಳೆದು ನೋಡಿದರು. ಅದು ಎಳೆದಷ್ಟೂ ಬಂತು.

"ಈ ಕೆಂಪು ಕಲೆ ಹೊಸತು. ಯಾವಾಗ ಆದದ್ದು?"

"ನಿನ್ನೆ ಸ್ನಾನ ಆದ್ಮೇಲೆ," ಎಂದಳು ಶರ್ವಾಣಿ. "ಅಭಯ್ ಊರಲ್ಲೇ ಇಲ್ಲ. ಅಮ್ಮ ಎಣ್ಣೆ ತಿಕ್ಕಿದ್ದು ಅಷ್ಟೇ."

ಬೆರಳುಗಳ ಗುರುತು ಎದ್ದು ಕಾಣುತ್ತಿತ್ತು. ಸಣ್ಣ ಬೆರಳುಗಳು, ಹೆಂಗಸಿನವು. ಚಂಪಾ ತನ್ನ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

"ಇದು ಯಾರೂ ಹೊಡೆದದ್ದಲ್ಲ ಅಮ್ಮ," ಎಂದರು ಡಾಕ್ಟರು. "ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ಎಂಬ ನಾರು. ಅದನ್ನು ಎಷ್ಟು ಮಾಡಬೇಕು, ಹೇಗೆ ಹೆಣೆಯಬೇಕು ಅಂತ ದೇಹಕ್ಕೆ ಹೇಳುವುದು ಜೀನ್. ಇವರ ಜೀನಿನಲ್ಲೇ ದೋಷ ಇದ್ದ ಹಾಗೆ ಕಾಣ್ತದೆ. ನಾರಿಗೆ ಬಲ ಇಲ್ಲ, ಹಾಗಾಗಿ ಸ್ವಲ್ಪ ಒತ್ತಿದರೂ ಒಳಗೆ ರಕ್ತ ಹೆಪ್ಪುಗಟ್ತದೆ, ಗಾಯ ಬೇಗ ಮಾಯುವುದಿಲ್ಲ. ಟೆಸ್ಟ್ ಮಾಡಿಸುವ. ಮಗುವಿಗೂ ಬಂದಿರಬಹುದು."

ವಾಪಸು ಬರುವಾಗ ಮಟಾಟು ವ್ಯಾನುಗಳ ನಡುವೆ ಕಾರು ಸಿಕ್ಕಿಕೊಂಡು ತಡವಾಯಿತು. ಶರ್ವಾಣಿ ಮನೆಗೆ ಬಂದವಳೇ ರೂಮಿಗೆ ಹೋಗಿ ಗಂಡನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಹೊರಗೆ ನಿಂತ ಚಂಪಾಗೆ ಎಲ್ಲವೂ ಕೇಳಿಸಿ ನಾಚಿಕೆಯಾಯಿತು.

ಮರುದಿನ ಬಂದ ಅಭಯ್‌ಗೆ ಅವಳು ಕಾಫಿ ಕೊಟ್ಟು, "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎಂದಳು.

"ಇರ್ಲಿ ಬಿಡಿ ಅತ್ತೆ."

ಅಷ್ಟಕ್ಕೇ ಅವಳ ಎದೆ ಹಗುರಾಯಿತು. ನೀರು ಕಾದಿತ್ತು. ಎಣ್ಣೆ ಬಟ್ಟಲು ಹಿಡಿದು ಬಂದು, ಅವನ ಮಡಿಲಲ್ಲಿದ್ದ ಮೊಮ್ಮಗಳಿಗೆ ಕೈ ಚಾಚಿದಳು. ಅಭಯ್ ಮಗುವನ್ನು ಕೊಡಲಿಲ್ಲ. ಅದರ ಅಂಗಿಯ ತೋಳು ಸರಿಸಿ ಒಂದು ಕೈ ನೋಡಿದ, ಇನ್ನೊಂದನ್ನೂ ತಿರುಗಿಸಿ ನೋಡಿದ. ಆಮೇಲೆ ಚಂಪಾಳ ಬೆರಳುಗಳನ್ನು ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು; ಇಷ್ಟು ದಿನ ತಾನು ಅವನನ್ನು ನೋಡಿದ್ದೂ ಹಾಗೇ.

"ಎಣ್ಣೆ ಅಲ್ಲೇ ಇಡಿ ಅತ್ತೆ," ಎಂದ. "ಇನ್ಮೇಲೆ ಪಾಪುಗೆ ನಾನೇ ಸ್ನಾನ ಮಾಡಿಸ್ತೀನಿ."